ಅನಿಲದಲ್ಲಿ ಅಡಗಿದ ಆಮ್ಲಜನಕ: ಮುಂಬಯಿಯ ಕೈಗಾರಿಕಾ ಚರಿತ್ರೆಯ ಒಂದು ಅಧ್ಯಾಯ

೧

ಮುಂಬಯಿ ನಗರದ ಚರಿತ್ರೆಯನ್ನು ಬರೆದವರು ಹತ್ತಿಯ ವ್ಯಾಪಾರ, ಬಟ್ಟೆಯ ಗಿರಣಿಗಳು, ಹಡಗುಕಟ್ಟೆಗಳು, ರೈಲುಮಾರ್ಗಗಳು ಇವುಗಳಿಗೆ ವಿಪುಲವಾದ ಸ್ಥಳವನ್ನು ಕೊಟ್ಟಿದ್ದಾರೆ. ಅದು ನ್ಯಾಯವೇ ಆಗಿದೆ. ಆದರೆ ಇದೇ ನಗರದಲ್ಲಿ ಸುಮಾರು ಎರಡು ಶತಮಾನಗಳಿಂದ ಕೊಳವೆಗಳ ಮೂಲಕ ಹರಿಯುತ್ತ ಬಂದಿರುವ ಮತ್ತೊಂದು ಸಂಪತ್ತಿನ ಕಡೆಗೆ ಚರಿತ್ರಕಾರರ ದೃಷ್ಟಿ ಅಷ್ಟಾಗಿ ಹೊರಳಿಲ್ಲ. ಅದು ಉರಿಯುವ ಅನಿಲ. ಕಲ್ಲಿದ್ದಲಿನ ಅನಿಲ, ತೈಲಶುದ್ಧೀಕರಣದ ಅನಿಲ, ಎಥಿಲೀನ್, ಸಮುದ್ರಗರ್ಭದ ನೈಸರ್ಗಿಕ ಅನಿಲ, ಕಸದ ರಾಶಿಯಿಂದೇಳುವ ಅನಿಲ ಎಂದು ಇದು ಕಾಲಕಾಲಕ್ಕೆ ವೇಷವನ್ನು ಬದಲಿಸಿದೆ. ಕಲ್ಲಿದ್ದಲಿನ ಅನಿಲದಲ್ಲಿ ಬಿಡಿ ಜಲಜನಕವೂ ಹೇರಳವಾಗಿತ್ತಾದರೂ, ಈ ಎಲ್ಲ ಅನಿಲಗಳಿಗೂ ಸಾಮಾನ್ಯವಾದ ಘಟಕಗಳು ಇಂಗಾಲ ಮತ್ತು ಜಲಜನಕಗಳು ಕೂಡಿ ಆದ ಸಂಯುಕ್ತಗಳು. ಇವನ್ನು ಶಾಸ್ತ್ರಜ್ಞರು ಹೈಡ್ರೊಕಾರ್ಬನ್ನುಗಳೆಂದು ಕರೆಯುತ್ತಾರೆ.

ಈ ಅನಿಲಗಳಿಗೆ ಒಬ್ಬ ಸಮಾನ ಶತ್ರುವಿದ್ದಾನೆ. ನಾವು ಉಸಿರಾಡುವ ಆಮ್ಲಜನಕವೇ ಆ ಶತ್ರು. ಒಲೆಯ ಬಾಯಲ್ಲಿ ಆಮ್ಲಜನಕವಿಲ್ಲದೆ ಅನಿಲ ಉರಿಯದು. ಆದರೆ ಅದೇ ಆಮ್ಲಜನಕ ಕೊಳವೆಯ ಒಳಗೆ, ಸಂಗ್ರಹದ ಪಾತ್ರೆಯ ಒಳಗೆ, ಅನಿಲದೊಡನೆ ಮುಂಚಿತವಾಗಿಯೇ ಸೇರಿಕೊಂಡರೆ ಅನರ್ಥ. ಮೀಥೇನ್ ಅನಿಲವು ಗಾಳಿಯಲ್ಲಿ ಶೇಕಡಾ ೫ರಿಂದ ೧೫ರವರೆಗೆ ಬೆರೆತಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಸ್ಫೋಟಕ್ಕೆ ಸಾಲದಷ್ಟು ಅಲ್ಪ ಪ್ರಮಾಣದಲ್ಲಿ ಇದ್ದರೂ ಆಮ್ಲಜನಕವು ತೇವದೊಡನೆ ಸೇರಿ ಕಬ್ಬಿಣದ ಕೊಳವೆಗಳನ್ನು ತಿನ್ನುತ್ತದೆ. ಕೆಲವು ಅನಿಲಗಳೊಡನೆ ಸೇರಿ ಅಂಟಿನಂಥ ಪದಾರ್ಥವನ್ನು ಉಂಟುಮಾಡಿ ಯಂತ್ರಗಳನ್ನು ಕಟ್ಟಿಹಾಕುತ್ತದೆ. ಮುಂದಿನ ರಾಸಾಯನಿಕ ಕ್ರಿಯೆಗಳನ್ನು ಕೆಡಿಸುತ್ತದೆ. ಆದ್ದರಿಂದ ಅನಿಲದಿಂದ ಆಮ್ಲಜನಕವನ್ನು ತೆಗೆಯುವ ಉಪಾಯ ಅನಿಲದ ಉದ್ಯಮದಷ್ಟೇ ಅವಶ್ಯಕವಾಯಿತು. ಆ ಉಪಾಯವನ್ನು ಒದಗಿಸಿದವು ಲೋಹಗಳು. ತಾವು ವ್ಯಯವಾಗದೆ, ಕೇವಲ ತಮ್ಮ ಸಾನ್ನಿಧ್ಯದಿಂದ ಎರಡು ಪದಾರ್ಥಗಳ ಕೂಡಿಕೆಯನ್ನು ತ್ವರೆಗೊಳಿಸುವ ಇಂಥ ವಸ್ತುಗಳನ್ನು ಕನ್ನಡದಲ್ಲಿ ವೇಗವರ್ಧಕಗಳೆಂದು ಕರೆಯುವುದು ರೂಢಿ. ಈ ವೇಗವರ್ಧಕಗಳು ಹೇಗೆ ಹುಟ್ಟಿದವು, ಹೇಗೆ ಸುಧಾರಿಸಿದವು, ಮುಂಬಯಿಗೂ ಅವುಗಳಿಗೂ ಇರುವ ಸಂಬಂಧವೇನು ಎಂಬುದನ್ನು ವಿಚಾರಿಸುವುದೇ ಈ ಪ್ರಬಂಧದ ಉದ್ದೇಶ.

೨

ಕಥೆ ಆರಂಭವಾಗುವುದು ಇಂಗ್ಲೆಂಡಿನ ಕಲ್ಲಿದ್ದಲಿನ ಗಣಿಗಳಲ್ಲಿ. ಗಣಿಯ ಒಳಗೆ ಸೋರುವ ಮೀಥೇನು ಗಾಳಿಯೊಡನೆ ಬೆರೆತು ಕೂಲಿಗಾರರ ದೀಪದಿಂದ ಹೊತ್ತಿಕೊಂಡು ನೂರಾರು ಜನ ಸಾಯುತ್ತಿದ್ದ ಕಾಲವದು. ಹಂಫ್ರಿ ಡೇವಿ ೧೮೧೫ರಲ್ಲಿ ತಂತಿಜಾಲರಿಯ ಸುರಕ್ಷಾದೀಪವನ್ನು ರಚಿಸಿದನು. ಅದನ್ನು ಸುಧಾರಿಸುವ ಪ್ರಯತ್ನದಲ್ಲಿ ಅವನಿಗೆ ಅನಿರೀಕ್ಷಿತವಾದ ಒಂದು ಸಂಗತಿ ಗೋಚರಿಸಿತು. ಕಾಯಿಸಿದ ಪ್ಲಾಟಿನಂ ತಂತಿಯನ್ನು ಕಲ್ಲಿದ್ದಲಿನ ಅನಿಲ ಮತ್ತು ಗಾಳಿಗಳ ಮಿಶ್ರಣದಲ್ಲಿ ಹಿಡಿದರೆ, ಜ್ವಾಲೆಯೇ ಇಲ್ಲದಿದ್ದರೂ ತಂತಿ ಕೆಂಪಗೆ ಕಾದು ಬೆಳಗುತ್ತಲೇ ಇರುತ್ತದೆ! ೧೮೧೭ರಲ್ಲಿ ಅವನು ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ನಿವೇದಿಸಿದನು. ತಂತಿಯ ಮೈಮೇಲೆ ಅನಿಲವೂ ಆಮ್ಲಜನಕವೂ ಸದ್ದಿಲ್ಲದೆ ಕೂಡಿಕೊಳ್ಳುತ್ತಿದ್ದವು. ಹೈಡ್ರೊಕಾರ್ಬನ್ ಅನಿಲದೊಳಗಿನ ಆಮ್ಲಜನಕವನ್ನು ಲೋಹದ ಮೂಲಕ ನಾಶಪಡಿಸುವ ಇಂದಿನ ಎಲ್ಲ ಸ್ಥಾವರಗಳ ಮೂಲ ಈ ಒಂದು ತಂತಿಯಲ್ಲಿದೆ.

ಅನಂತರದ ಬೆಳವಣಿಗೆ ತ್ವರಿತವಾಯಿತು. ಜರ್ಮನಿಯ ಡೋಬರೈನರ್ ೧೮೨೩ರಲ್ಲಿ ಪ್ಲಾಟಿನಂ ಲೋಹವನ್ನು ಸ್ಪಂಜಿನಂತೆ ಸೂಕ್ಷ್ಮರಂಧ್ರಮಯವನ್ನಾಗಿ ಮಾಡಿ, ಅದರ ಮೇಲೆ ಜಲಜನಕವನ್ನು ಊದಿದರೆ ಸಾಮಾನ್ಯ ಉಷ್ಣತೆಯಲ್ಲಿಯೇ ಬೆಂಕಿ ಹೊತ್ತಿಕೊಳ್ಳುವುದನ್ನು ತೋರಿಸಿದನು. ಲೋಹದ ತೂಕಕ್ಕಿಂತ ಅದರ ಮೈಯ ವಿಸ್ತಾರವೇ ಮುಖ್ಯವೆಂಬ ತತ್ತ್ವ ಇಲ್ಲಿ ಪ್ರಕಟವಾಯಿತು. ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ ಮರುವರ್ಷವೇ ಈ ಸ್ಪಂಜನ್ನು ಅನಿಲಗಳ ವಿಶ್ಲೇಷಣೆಗೆ ಬಳಸಿದನು. ಬೆರೆತ ಅನಿಲಗಳಲ್ಲಿ ಎಲ್ಲವೂ ಒಂದೇ ಉಷ್ಣತೆಯಲ್ಲಿ ಆಮ್ಲಜನಕದೊಡನೆ ಸೇರುವುದಿಲ್ಲ. ಜಲಜನಕ ಮೊದಲು ಸೇರುತ್ತದೆ, ಮೀಥೇನು ಎಲ್ಲಕ್ಕಿಂತ ಹೆಚ್ಚು ಹಟಮಾರಿ ಎಂಬುದು ಅವನ ಶೋಧನೆಯ ಫಲ. ಯಾವ ಅನಿಲವನ್ನು ಸುಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಆರಿಸುವ ಸಾಧ್ಯತೆ ಹೀಗೆ ಹುಟ್ಟಿತು.

ಮುಂದಿನ ಹೆಜ್ಜೆಯನ್ನಿಟ್ಟವನು ಡೇವಿಯ ಶಿಷ್ಯನಾದ ಮೈಕೇಲ್ ಫ್ಯಾರಡೆ. ೧೮೩೪ರ ಜನವರಿಯಲ್ಲಿ ರಾಯಲ್ ಸೊಸೈಟಿಯ ಮುಂದೆ ಓದಲಾದ ಪ್ರಬಂಧದಲ್ಲಿ ಅವನು, ಚೆನ್ನಾಗಿ ಶುಚಿಮಾಡಿದ ಪ್ಲಾಟಿನಂ ತಗಡು ಜಲಜನಕ ಮತ್ತು ಆಮ್ಲಜನಕಗಳನ್ನು ಕೂಡಿಸುತ್ತದೆಂದೂ, ಆದರೆ ಆ ಮಿಶ್ರಣದಲ್ಲಿ ಎಥಿಲೀನ್ ಅಥವಾ ಇಂಗಾಲದ ಮಾನಾಕ್ಸೈಡ್ ಸ್ವಲ್ಪ ಸೇರಿದ್ದರೂ ತಗಡಿನ ಶಕ್ತಿ ಕುಂದುತ್ತದೆಂದೂ ನಿರೂಪಿಸಿದನು. ಇದಕ್ಕೆ ಕಾರಣ ತಿಳಿಯಲು ೧೯೨೨ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೇರಿಕೆಯ ಲ್ಯಾಂಗ್ಮ್ಯೂರ್ ವಿವರಿಸಿದಂತೆ, ಲೋಹದ ಮೈಯಲ್ಲಿ ಕುಳಿತುಕೊಳ್ಳಲು ಇರುವ ಆಸನಗಳು ಪರಿಮಿತ. ಒಂದು ಅನಿಲ ಅವುಗಳನ್ನೆಲ್ಲ ಆಕ್ರಮಿಸಿಕೊಂಡರೆ ಮತ್ತೊಂದಕ್ಕೆ ಎಡೆಯಿಲ್ಲ. ಛತ್ರದಲ್ಲಿ ಮೊದಲ ಪಂಕ್ತಿ ಏಳದೆ ಎರಡನೆಯ ಪಂಕ್ತಿ ಕೂರದಂತೆ. ಏತನ್ಮಧ್ಯೆ ೧೮೩೫ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಈ ಎಲ್ಲ ವಿದ್ಯಮಾನಗಳಿಗೆ ಕೆಟಾಲಿಸಿಸ್ ಎಂಬ ಹೆಸರನ್ನಿಟ್ಟಿದ್ದನು.

೩

ಫ್ಯಾರಡೆಯ ಪ್ರಬಂಧ ಲಂಡನ್ನಿನಲ್ಲಿ ಓದಲ್ಪಟ್ಟ ಅದೇ ೧೮೩೪ರಲ್ಲಿ, ಮುಂಬಯಿಯ ಮಝಗಾಂವಿನಲ್ಲಿ ಒಂದು ಬಂಗಲೆ ಅನಿಲದೀಪಗಳಿಂದ ಬೆಳಗಿತು. ಅದು ಪ್ರಸಿದ್ಧ ಹಡಗುಕಟ್ಟುವ ವಾಡಿಯಾ ಮನೆತನದ ಅರ್ದೇಶೀರ್ ಕರ್ಸೆಟ್‌ಜಿಯ ಮನೆ. ಆಗ ಅವರಿಗೆ ಇಪ್ಪತ್ತಾರು ವರ್ಷವೂ ತುಂಬಿರಲಿಲ್ಲ. ಉಗಿಯಂತ್ರಗಳಲ್ಲಿ ಪರಿಣತರಾಗಿದ್ದ ಅವರು ತಮ್ಮ ಮನೆಗೂ ತೋಟಕ್ಕೂ ಅನಿಲದ ಬೆಳಕನ್ನು ತಾವೇ ಏರ್ಪಡಿಸಿಕೊಂಡರು. ಲಂಡನ್ ನಗರದ ಅನಿಲ ಸಂಸ್ಥೆಗೆ ಸನ್ನದು ದೊರೆತದ್ದು ೧೮೧೨ರಲ್ಲಿ ಎಂಬುದನ್ನು ನೆನೆದರೆ, ಎರಡು ದಶಕಗಳಷ್ಟೇ ಕಳೆದಿರುವಾಗ ಏಳು ಸಮುದ್ರಗಳ ಈಚೆಯ ದೇಶಸ್ಥನೊಬ್ಬ ಸ್ವಪ್ರಯತ್ನದಿಂದ ಇದನ್ನು ಸಾಧಿಸಿದ್ದು ಸಾಮಾನ್ಯವಲ್ಲ. ೧೮೪೧ರ ಮೇ ತಿಂಗಳಲ್ಲಿ ಅರ್ದೇಶೀರರು ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಆ ಗೌರವವನ್ನು ಪಡೆದ ಭಾರತೀಯರಲ್ಲಿ ಅವರೇ ಮೊದಲಿಗರು. ಡೇವಿ ಮತ್ತು ಫ್ಯಾರಡೆಯರ ಪ್ರಬಂಧಗಳನ್ನು ಕೇಳಿದ ಸಭೆಯ ಸದಸ್ಯತ್ವ ಮಝಗಾಂವಿನ ಅನಿಲದೀಪದ ಒಡೆಯನಿಗೂ ಸಂದಿತೆಂಬುದು ಗಮನಾರ್ಹ.

ನಗರದ ಸಾರ್ವಜನಿಕ ಬೀದಿಗಳಿಗೆ ಆ ಬೆಳಕು ಬರಲು ಇನ್ನೂ ಮೂರು ದಶಕಗಳು ಬೇಕಾದವು. ಬಾಂಬೆ ಗ್ಯಾಸ್ ಕಂಪನಿಯ ದೀಪಗಳು ೧೮೬೫ರ ಅಕ್ಟೋಬರಿನಲ್ಲಿ ಎಸ್ಪ್ಲನೇಡ್, ಚರ್ಚ್‌ಗೇಟ್ ಬೀದಿ, ಭೇಂಡಿ ಬಜಾರುಗಳಲ್ಲಿ ಮೊದಲು ಹೊತ್ತಿದವು. ಲಾಲ್‌ಬಾಗಿನ ಒಂದು ಬೀದಿ ಗ್ಯಾಸ್ ಕಂಪನಿಯ ಹೆಸರನ್ನು ಇಂದಿಗೂ ಹೊತ್ತಿದೆ. ಕಲ್ಲಿದ್ದಲನ್ನು ಮುಚ್ಚಿದ ಭಟ್ಟಿಗಳಲ್ಲಿ ಕಾಯಿಸಿ ಪಡೆಯುತ್ತಿದ್ದ ಅನಿಲದಲ್ಲಿ ಸರಿಸುಮಾರು ಅರ್ಧ ಜಲಜನಕ, ಮೂರರಲ್ಲೊಂದು ಪಾಲಿನಷ್ಟು ಮೀಥೇನು, ಉಳಿದಂತೆ ಇಂಗಾಲದ ಮಾನಾಕ್ಸೈಡ್, ಎಥಿಲೀನ್ ಮೊದಲಾದವು ಇರುತ್ತಿದ್ದವು. ದುರ್ಗಂಧದ ಗಂಧಕಾನಿಲವೂ ಜೊತೆಗಿರುತ್ತಿತ್ತು.

ಕಲ್ಲಿದ್ದಲಿನ ಅನಿಲದ ಕಾಲದಲ್ಲಿ ಆಮ್ಲಜನಕದ ಬಗೆಗಿದ್ದ ಧೋರಣೆ ವಿಚಿತ್ರವಾಗಿತ್ತು. ಗಂಧಕಾನಿಲವನ್ನು ಹಿಡಿಯಲು ಕಬ್ಬಿಣದ ಆಕ್ಸೈಡಿನ ಪೆಟ್ಟಿಗೆಗಳ ಮೂಲಕ ಅನಿಲವನ್ನು ಹಾಯಿಸುತ್ತಿದ್ದರು. ಆಕ್ಸೈಡು ಗಂಧಕದಿಂದ ತುಂಬಿ ನಿಷ್ಕ್ರಿಯವಾದಾಗ ಅದಕ್ಕೆ ಗಾಳಿ ತಗುಲಿಸಿದರೆ ಮತ್ತೆ ಚೈತನ್ಯ ಬರುತ್ತಿತ್ತು. ಪೆಟ್ಟಿಗೆಯನ್ನು ತೆರೆಯುವ ಶ್ರಮವನ್ನು ಉಳಿಸಲು ಅನಿಲದ ಜೊತೆಗೇ ಅತ್ಯಲ್ಪ ಪ್ರಮಾಣದ ಗಾಳಿಯನ್ನು ಬೇಕೆಂದೇ ಬಿಡುವ ಪದ್ಧತಿ ಅನಿಲದ ಕಾರ್ಖಾನೆಗಳಲ್ಲಿ ಪ್ರಚಾರಕ್ಕೆ ಬಂದಿತು. ಅಂದರೆ ಒಂದು ಕಶ್ಮಲವನ್ನು ಕಳೆಯಲು ಮತ್ತೊಂದನ್ನು ಒಳಗೆ ಬಿಟ್ಟುಕೊಳ್ಳುವುದು. ದೀಪಕ್ಕೆ ಮತ್ತು ಒಲೆಗೆ ಮಾತ್ರ ಉಪಯೋಗವಾಗುವ ಅನಿಲದಲ್ಲಿ ಅಲ್ಪ ಆಮ್ಲಜನಕ ಉಳಿದರೆ ದೊಡ್ಡ ನಷ್ಟವಿರಲಿಲ್ಲ. ಅನಿಲವು ಇಂಧನವಾಗಿದ್ದಷ್ಟು ಕಾಲ ಲೆಕ್ಕ ಹೀಗೆ ಸರಿಹೋಯಿತು. ಅದು ಪದಾರ್ಥಗಳನ್ನು ನಿರ್ಮಿಸುವ ಕಚ್ಚಾವಸ್ತುವಾದಾಗ ಆ ಲೆಕ್ಕ ಬದಲಾಯಿತು.

೪

ಈ ಬದಲಾವಣೆಗೆ ನಿಮಿತ್ತವಾದುದು ಪಾಲಿಥೀನ್. ಇಂಗ್ಲೆಂಡಿನ ವಿನ್ನಿಂಗ್ಟನ್ನಿನಲ್ಲಿ ೧೯೩೩ರ ಮಾರ್ಚ್ ತಿಂಗಳಿನಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಎಥಿಲೀನನ್ನು ಪ್ರಚಂಡವಾದ ಒತ್ತಡಕ್ಕೆ ಗುರಿಮಾಡಿದಾಗ ಪಾತ್ರೆಯ ತಳದಲ್ಲಿ ಮೇಣದಂಥ ಬಿಳಿಯ ಪದಾರ್ಥ ದೊರೆಯಿತು. ಅದೇ ಪ್ರಯೋಗವನ್ನು ಮತ್ತೆ ಮಾಡಹೋದರೆ ಫಲ ಸರಿಯಾಗಿ ಬರಲಿಲ್ಲ. ಪಾತ್ರೆ ಸ್ಫೋಟಿಸಿದ್ದೂ ಉಂಟು. ೧೯೩೫ರ ಡಿಸೆಂಬರಿನಲ್ಲಿ ಪೆರಿನ್ ಮತ್ತವನ ಸಂಗಡಿಗರು ಮತ್ತೊಮ್ಮೆ ಯಶಸ್ವಿಯಾದಾಗ ರಹಸ್ಯ ಹೊರಬಿದ್ದಿತು. ಸೋರಿಹೋದ ಅನಿಲಕ್ಕೆ ಪ್ರತಿಯಾಗಿ ಹೊಸದಾಗಿ ತುಂಬಿದ ಎಥಿಲೀನಿನಲ್ಲಿ ಲೇಶಮಾತ್ರ ಆಮ್ಲಜನಕ ಸೇರಿತ್ತು. ಅದೇ ಕ್ರಿಯೆಗೆ ಚಾಲನೆಯನ್ನು ಕೊಟ್ಟಿತ್ತು. ಲೇಶ ಕಡಿಮೆಯಾದರೆ ಕ್ರಿಯೆಯಿಲ್ಲ, ಲೇಶ ಹೆಚ್ಚಾದರೆ ವಿಪತ್ತು. ಆದುದರಿಂದ ಆಮ್ಲಜನಕವನ್ನು ಬಳಸುವುದಕ್ಕೂ ಮೊದಲು ಅದನ್ನು ಸಂಪೂರ್ಣವಾಗಿ ತೆಗೆದು, ಆಮೇಲೆ ಅಳೆದು ಹಾಕಬೇಕೆಂಬ ಪಾಠವನ್ನು ಉದ್ಯಮ ಕಲಿಯಿತು.

ಇಪ್ಪತ್ತು ವರ್ಷಗಳ ತರುವಾಯ, ೧೯೫೩ರಲ್ಲಿ, ಜರ್ಮನಿಯ ಕಾರ್ಲ್ ಝೀಗ್ಲರ್ ಟೈಟಾನಿಯಂ ಮತ್ತು ಅಲ್ಯೂಮಿನಿಯಂ ಸಂಯುಕ್ತಗಳ ನೆರವಿನಿಂದ ಸಾಧಾರಣ ಒತ್ತಡದಲ್ಲಿಯೇ ಎಥಿಲೀನನ್ನು ಗಟ್ಟಿಯಾದ ಪಾಲಿಥೀನನ್ನಾಗಿ ಮಾರ್ಪಡಿಸಿದನು. ಇಟಲಿಯ ನಟ್ಟಾನೊಡನೆ ಅವನು ೧೯೬೩ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಆದರೆ ಈ ಹೊಸ ವೇಗವರ್ಧಕ ಆಮ್ಲಜನಕವನ್ನು ಕಂಡರೆ ಸಾಯುವಷ್ಟು ಸುಕುಮಾರ. ಹತ್ತು ಲಕ್ಷ ಪಾಲು ಎಥಿಲೀನಿನಲ್ಲಿ ಕೆಲವೇ ಪಾಲು ಆಮ್ಲಜನಕವಿದ್ದರೂ ಅದರ ಶಕ್ತಿ ಕುಗ್ಗುತ್ತದೆ.

ಈ ಎರಡು ಪದ್ಧತಿಗಳೂ ಮುಂಬಯಿಗೆ ಬಂದವು. ಟ್ರಾಂಬೆಯಲ್ಲಿ ಸ್ಟ್ಯಾನ್‌ವ್ಯಾಕ್ ಸಂಸ್ಥೆಯ ತೈಲಶುದ್ಧೀಕರಣ ಕೇಂದ್ರ ೧೯೫೪ರಲ್ಲಿಯೂ, ಬರ್ಮಾ-ಶೆಲ್ ಸಂಸ್ಥೆಯದು ೧೯೫೫ರಲ್ಲಿಯೂ ಕೆಲಸವನ್ನಾರಂಭಿಸಿದ್ದವು. ಮೊದಲನೆಯದು ಎಸ್ಸೊ ಎಂಬ ಹೆಸರನ್ನು ತಾಳಿ ೧೯೭೪ರಲ್ಲಿ ಹಿಂದುಸ್ತಾನ್ ಪೆಟ್ರೋಲಿಯಂ ಆಯಿತು. ಎರಡನೆಯದು ೧೯೭೬ರಲ್ಲಿ ಸರಕಾರದ ವಶಕ್ಕೆ ಬಂದು ಮುಂದೆ ಭಾರತ್ ಪೆಟ್ರೋಲಿಯಂ ಎನಿಸಿತು. ಈ ಶುದ್ಧೀಕರಣಗಳ ಬೆನ್ನಿಗೆ ೧೯೬೦ರ ದಶಕದಲ್ಲಿ ಯೂನಿಯನ್ ಕಾರ್ಬೈಡ್ ಸಂಸ್ಥೆ ಟ್ರಾಂಬೆಯಲ್ಲಿ ನ್ಯಾಫ್ತಾವನ್ನು ಒಡೆದು ಎಥಿಲೀನ್ ಪಡೆಯುವ ಘಟಕವನ್ನು ಸ್ಥಾಪಿಸಿತು. ಭಾರತದಲ್ಲಿ ಅದೇ ಮೊದಲನೆಯದು. ಆ ಎಥಿಲೀನಿನಿಂದ ಅಲ್ಲಿ ಅಧಿಕ ಒತ್ತಡದ ಪಾಲಿಥೀನ್ ತಯಾರಾಗುತ್ತಿತ್ತು. ಖಾಡಿಯ ಆಚೆಯ ದಂಡೆಯಲ್ಲಿ, ಠಾಣೆ–ಬೇಲಾಪುರ ಪಟ್ಟಿಯಲ್ಲಿ, ಮಫತ್‌ಲಾಲ್ ಸಮೂಹದ ನ್ಯಾಷನಲ್ ಆರ್ಗ್ಯಾನಿಕ್ ಕೆಮಿಕಲ್ ಇಂಡಸ್ಟ್ರೀಸ್, ಅಂದರೆ ನೋಸಿಲ್, ೧೯೬೮ರಲ್ಲಿ ಇನ್ನೂ ದೊಡ್ಡದಾದ ನ್ಯಾಫ್ತಾ ಘಟಕವನ್ನು ತೆರೆಯಿತು. ಅದರ ನೆರೆಯಲ್ಲಿ ಪಾಲಿಓಲಿಫಿನ್ಸ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಜರ್ಮನಿಯ ಹೆಕ್ಸ್ಟ್ ಕಂಪನಿಯ ಸಹಯೋಗದಿಂದ ಝೀಗ್ಲರ್ ಪದ್ಧತಿಯ ಗಟ್ಟಿ ಪಾಲಿಥೀನನ್ನು ತಯಾರಿಸತೊಡಗಿತು. ಒಂದೇ ಖಾಡಿಯ ಎರಡು ದಂಡೆಗಳಲ್ಲಿ ಒಂದೇ ಪದಾರ್ಥವನ್ನು ಕುರಿತು ಎರಡು ವಿರುದ್ಧ ಸಿದ್ಧಾಂತಗಳು ಹೀಗೆ ಎದುರುಬದುರು ನಿಂತವು. ಈ ದಂಡೆಯ ಪದ್ಧತಿ ಆಮ್ಲಜನಕದ ಲೇಶದಿಂದಲೇ ಜನ್ಮತಾಳಿದ್ದು. ಆ ದಂಡೆಯದಕ್ಕೆ ಅದೇ ಲೇಶ ಮೃತ್ಯುಪ್ರಾಯ. ಪರಿಶುದ್ಧವಾದ ಎಥಿಲೀನು ಮಾತ್ರ ಎರಡಕ್ಕೂ ಬೇಕಾಗಿತ್ತು.

೫

ಆಮ್ಲಜನಕವನ್ನು ತೆಗೆಯಲು ಬಳಕೆಗೆ ಬಂದ ಲೋಹಗಳು ಮುಖ್ಯವಾಗಿ ನಾಲ್ಕು: ತಾಮ್ರ, ಪ್ಲಾಟಿನಂ ಮತ್ತು ಅದರ ಸೋದರನಾದ ಪಲ್ಲಾಡಿಯಂ ಸೇರಿದ ಗುಂಪು, ಬೆಳ್ಳಿ, ನಿಕಲ್. ಪ್ರತಿಯೊಂದಕ್ಕೂ ಒಂದು ಗುಣ, ಒಂದು ದೋಷ.

ತಾಮ್ರದ ರೀತಿ ಅತ್ಯಂತ ಸರಳ. ಸೂಕ್ಷ್ಮವಾಗಿ ಹರಡಿದ ತಾಮ್ರ ಆಮ್ಲಜನಕವನ್ನು ತಾನೇ ಹೀರಿಕೊಂಡು ಆಕ್ಸೈಡಾಗುತ್ತದೆ. ತುಂಬಿದ ಮೇಲೆ ಜಲಜನಕವನ್ನು ಹಾಯಿಸಿದರೆ ಆಕ್ಸೈಡು ಮತ್ತೆ ತಾಮ್ರವಾಗಿ ನೀರು ಹೊರಬರುತ್ತದೆ. ನಿಜವಾಗಿ ನೋಡಿದರೆ ಇಲ್ಲಿ ತಾಮ್ರ ಸಾಲವನ್ನು ತೆಗೆದುಕೊಂಡು ಮತ್ತೆ ತೀರಿಸುವ ಋಣಿಯಂತೆ ವರ್ತಿಸುತ್ತದೆ. ಆಮ್ಲಜನಕ ಅತ್ಯಲ್ಪವಾಗಿದ್ದಾಗ ಈ ಪದ್ಧತಿ ಉತ್ತಮ. ಹೆಚ್ಚಾಗಿದ್ದರೆ ಪುನಃಪುನಃ ತೀರಿಸುವ ಕೆಲಸವೇ ದೊಡ್ಡದಾಗುತ್ತದೆ. ಮೇಲಾಗಿ ಅನಿಲದಲ್ಲಿ ಅಸಿಟಿಲೀನ್ ಇದ್ದರೆ ತಾಮ್ರದೊಡನೆ ಸೇರಿ ಸ್ಫೋಟಕವಾದ ಸಂಯುಕ್ತ ಉಂಟಾಗುವ ಭಯವಿದೆ.

ಪಲ್ಲಾಡಿಯಂ ನಿಜವಾದ ವೇಗವರ್ಧಕ. ಅನಿಲಕ್ಕೆ ಸ್ವಲ್ಪ ಜಲಜನಕವನ್ನು ಬೆರೆಸಿ ಇದರ ಮೇಲೆ ಹಾಯಿಸಿದರೆ ಕಡಿಮೆ ಉಷ್ಣತೆಯಲ್ಲಿಯೇ ಆಮ್ಲಜನಕವೆಲ್ಲ ನೀರಾಗುತ್ತದೆ. ದೋಷವೆಂದರೆ ಇದು ಅತ್ಯುತ್ಸಾಹಿ. ಎಥಿಲೀನಿನ ಪ್ರವಾಹದಲ್ಲಿ ಜಲಜನಕವನ್ನು ಆಮ್ಲಜನಕಕ್ಕೆ ಕೊಡುವ ಬದಲು ಎಥಿಲೀನಿಗೇ ಕೊಟ್ಟು ಅದನ್ನು ಎಥೇನನ್ನಾಗಿ ಮಾಡಿಬಿಡುತ್ತದೆ. ಶೋಧಿಸಬೇಕಾದ ವಸ್ತುವನ್ನೇ ಶೋಧಕ ತಿಂದುಹಾಕಿದಂತೆ. ಬೆಳ್ಳಿಗೆ ಈ ಚಾಪಲ್ಯವಿಲ್ಲ. ಅದು ಎಥಿಲೀನನ್ನು ಜಲಜನಕದೊಡನೆ ಕೂಡಿಸಲು ಹಿಂಜರಿಯುತ್ತದೆ. ಆದರೆ ಉಷ್ಣತೆ ಏರಿದರೆ ಎಥಿಲೀನ್ ಮತ್ತು ಆಮ್ಲಜನಕಗಳನ್ನೇ ಕೂಡಿಸಿ ಎಥಿಲೀನ್ ಆಕ್ಸೈಡನ್ನು ಉಂಟುಮಾಡುತ್ತದೆ. ಫ್ರಾನ್ಸಿನ ಲೆಫೋರ್ ೧೯೩೧ರಲ್ಲಿ ಬೆಳ್ಳಿಯ ಈ ಗುಣವನ್ನೇ ಉದ್ಯಮಕ್ಕೆ ಆಧಾರವಾಗಿ ತೋರಿಸಿದ್ದನು. ನಿಕಲ್ಲಿನ ಶಕ್ತಿಯನ್ನು ೧೮೯೭ರಲ್ಲಿ ಕಂಡುಹಿಡಿದವರು ಫ್ರಾನ್ಸಿನವರೇ ಆದ ಸಬಾಟಿಯೆ ಮತ್ತು ಸಾಂಡರಾನ್ಸ್. ಅದು ಅಗ್ಗವಾದರೂ ಪಲ್ಲಾಡಿಯಮಿನಂತೆಯೇ ಎಥಿಲೀನನ್ನು ಕೆಡಿಸುತ್ತದೆ. ಅಚ್ಚರಿಯೆಂದರೆ, ಗಂಧಕವನ್ನು ಸ್ವಲ್ಪ ಉಣಿಸಿ ಅದರ ಉತ್ಸಾಹವನ್ನು ತಗ್ಗಿಸಿದರೆ ಅದು ವಿವೇಕಿಯಾಗುತ್ತದೆ. ತೈಲಶುದ್ಧೀಕರಣದ ಗಂಧಕಯುಕ್ತ ಅನಿಲಗಳಿಂದ ಆಮ್ಲಜನಕವನ್ನೂ ಅಸಿಟಿಲೀನನ್ನೂ ಒಟ್ಟಿಗೆ ತೆಗೆಯಲು ಗಂಧಕವುಂಡ ನಿಕಲ್ಲು ಪ್ರಯೋಜನಕ್ಕೆ ಬಂದಿದೆ. ವಿಷವೇ ಔಷಧವಾದುದಕ್ಕೆ ಇದು ಒಳ್ಳೆಯ ನಿದರ್ಶನ.

ಈ ಶುದ್ಧೀಕರಣದ ಅನಿಲಗಳಿಗೆ ಆಮ್ಲಜನಕ ಎಲ್ಲಿಂದ ಬಂದಿತೆಂಬ ಪ್ರಶ್ನೆ ಏಳಬಹುದು. ಭಾರವಾದ ತೈಲವನ್ನು ಒಡೆಯುವ ವೇಗವರ್ಧಕದ ಪುಡಿ ಮಸಿಯಿಂದ ಮುಚ್ಚಿಹೋಗುತ್ತದೆ. ಆ ಮಸಿಯನ್ನು ಬೇರೆ ಪಾತ್ರೆಯಲ್ಲಿ ಗಾಳಿಯಿಂದ ಸುಟ್ಟು ಪುಡಿಯನ್ನು ಮರಳಿ ಕಳುಹಿಸುತ್ತಾರೆ. ಮರಳುವ ಪುಡಿಯ ಕಣಗಳ ಎಡೆಯಲ್ಲಿ ಅವಿತು ಸ್ವಲ್ಪ ಆಮ್ಲಜನಕವೂ, ಸಾರಜನಕದ ಆಕ್ಸೈಡುಗಳೂ ಅನಿಲದ ಕಡೆಗೆ ಪ್ರಯಾಣ ಮಾಡುತ್ತವೆ. ಅನಿಲವನ್ನು ಅತಿಶೀತಲಗೊಳಿಸಿ ಎಥಿಲೀನನ್ನು ಬೇರ್ಪಡಿಸುವ ಪೆಟ್ಟಿಗೆಯಲ್ಲಿ ಇವು ಅಂಟಾಗಿ ಕೂಡಿಕೊಂಡರೆ ಅದು ಸ್ಫೋಟಕ್ಕೆ ಆಸ್ಪದ. ಇಂಥ ಅನಿಲವನ್ನು ಬಹುಕಾಲ ಉರುವಲಾಗಿ ಸುಟ್ಟುಬಿಡುತ್ತಿದ್ದುದಕ್ಕೆ ಈ ತೊಡಕೂ ಒಂದು ಕಾರಣ. ಮುಂಬಯಿಯಲ್ಲಿ ಪ್ರಧಾನ ಕಚೇರಿಯುಳ್ಳ ರಿಲಯನ್ಸ್ ಸಂಸ್ಥೆ ಜಾಮ್‌ನಗರದಲ್ಲಿ ಶುದ್ಧೀಕರಣದ ಅನಿಲವನ್ನೇ ಕಚ್ಚಾವಸ್ತುವಾಗಿ ಉಪಯೋಗಿಸುವ, ವರ್ಷಕ್ಕೆ ೧೫ ಲಕ್ಷ ಟನ್ನುಗಳ ಎಥಿಲೀನ್ ಘಟಕವನ್ನು ೨೦೧೮ರ ಜನವರಿಯ ವೇಳೆಗೆ ಸಿದ್ಧಗೊಳಿಸಿತೆಂಬುದನ್ನು ನೋಡಿದರೆ ಈ ಕ್ಷೇತ್ರ ಎಷ್ಟು ದೂರ ಸಾಗಿ ಬಂದಿದೆಯೆಂಬುದು ವಿದಿತವಾಗುತ್ತದೆ.

ವೇಗವರ್ಧಕಗಳ ಸುಧಾರಣೆಯೆಂದರೆ ಈ ಗುಣಗಳನ್ನು ಉಳಿಸಿಕೊಂಡು ದೋಷಗಳನ್ನು ಕಳೆಯುವ ಪ್ರಯತ್ನವೇ. ಬೆಲೆಬಾಳುವ ಲೋಹವನ್ನು ಅಲ್ಯೂಮಿನಾದಂಥ ಅಗ್ಗದ ರಂಧ್ರಮಯ ಉಂಡೆಗಳ ಮೇಲೆ, ತೂಕದಲ್ಲಿ ಶೇಕಡಾ ಒಂದಕ್ಕಿಂತಲೂ ಕಡಿಮೆ ಪ್ರಮಾಣದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹರಡುವುದು ಮೊದಲನೆಯ ಉಪಾಯ. ಅನಿಲ ಉಂಡೆಯ ಒಳಗೆ ಹೊಕ್ಕು ಬಹಳ ಹೊತ್ತು ನಿಂತರೆ ಬೇಡದ ಕ್ರಿಯೆಗಳು ನಡೆಯುವುದರಿಂದ, ಲೋಹವನ್ನು ಮೊಟ್ಟೆಯ ಚಿಪ್ಪಿನಂತೆ ಹೊರಮೈಯಲ್ಲಿ ಮಾತ್ರ ಇರಿಸುವುದು ಎರಡನೆಯದು. ಎರಡು ಲೋಹಗಳನ್ನು ಕೂಡಿಸಿ ಒಂದರ ಆತುರವನ್ನು ಮತ್ತೊಂದರಿಂದ ತಡೆಯುವುದು ಮೂರನೆಯದು. ಗಂಧಕ ಲೋಹವನ್ನು ತಲುಪದಂತೆ ಮುಂದುಗಡೆ ಸತುವಿನ ಆಕ್ಸೈಡಿನ ಕಾವಲನ್ನು ನಿಲ್ಲಿಸುವುದು ನಾಲ್ಕನೆಯದು. ಇಷ್ಟಾದ ಮೇಲೂ ಶಾಖದ ಸಮಸ್ಯೆಯೊಂದು ಉಳಿಯುತ್ತದೆ. ಮೀಥೇನಿನ ಪ್ರವಾಹದಲ್ಲಿ ಶೇಕಡಾ ಒಂದರಷ್ಟು ಆಮ್ಲಜನಕ ದಹಿಸಿದರೆ ಅನಿಲದ ಉಷ್ಣತೆ ಸುಮಾರು ೭೦ ಡಿಗ್ರಿ ಏರುತ್ತದೆ. ಶೇಕಡಾ ಐದಿದ್ದರೆ ಏರಿಕೆ ಮುನ್ನೂರು ಡಿಗ್ರಿಗೂ ಮೀರುತ್ತದೆ. ಅತಿಯಾದ ಶಾಖದಲ್ಲಿ ಲೋಹದ ಸೂಕ್ಷ್ಮಕಣಗಳು ಒಂದರೊಡನೊಂದು ಕರಗಿಕೂಡಿ ದಪ್ಪವಾಗಿ, ಮೈಯ ವಿಸ್ತಾರ ಕುಂದಿ, ವೇಗವರ್ಧಕ ಮುದಿಯಾಗುತ್ತದೆ. ಡೋಬರೈನರನ ಸ್ಪಂಜು ಕಲಿಸಿದ ತತ್ತ್ವದ ಇನ್ನೊಂದು ಮುಖವಿದು.

೬

ಇಷ್ಟು ಬೃಹತ್ತಾದ ಸ್ಥಾವರಗಳು ಮುಂಬಯಿಯಲ್ಲಿ ಎದ್ದುನಿಂತಾಗ, ಅವುಗಳ ಹೃದಯಸ್ಥಾನದಲ್ಲಿದ್ದ ಪದ್ಧತಿಗಳು ವಿದೇಶಗಳಿಂದ ಬಂದವು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಗೋಡೆ, ಕೊಳವೆ, ಗೋಪುರಗಳನ್ನು ಇಲ್ಲಿಯೇ ಕಟ್ಟಬಹುದಾಗಿತ್ತು. ಹಿಡಿಯಷ್ಟು ಬೂದುಬಣ್ಣದ ಉಂಡೆಗಳ ರಹಸ್ಯ ಮಾತ್ರ ಪರರ ಕೈಯಲ್ಲಿತ್ತು. ಕೈಗಾರಿಕೆಯ ನಿಜವಾದ ಸ್ವಾತಂತ್ರ್ಯ ಈ ಉಂಡ

ೆಗಳಲ್ಲಿದೆಯೆಂದು ಮನಗಂಡವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಕರ್ನಾಟಕದ ಪಾಲು ಇಲ್ಲಿ ಸ್ಮರಣೀಯ. ಮೈಸೂರಿನ ಬಳಿಯ ಬೆಳಗೊಳದಲ್ಲಿ ೧೯೩೦ರ ದಶಕದ ಉತ್ತರಾರ್ಧದಲ್ಲಿ ಸ್ಥಾಪಿತವಾದ ರಸಗೊಬ್ಬರದ ಕಾರ್ಖಾನೆ ಭಾರತದಲ್ಲಿ ಸಂಶ್ಲೇಷಿತ ಅಮೋನಿಯಾವನ್ನು ತಯಾರಿಸಿದ ಪ್ರಥಮ ಕಾರ್ಖಾನೆಗಳ ಸಾಲಿಗೆ ಸೇರಿದ್ದು. ಅಮೋನಿಯಾದ ಕಬ್ಬಿಣದ ವೇಗವರ್ಧಕಕ್ಕೂ ಆಮ್ಲಜನಕವೂ ಅದರ ಸಂಯುಕ್ತಗಳೂ ವಿಷವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೩೯ರಿಂದ ೧೯೪೮ರವರೆಗೆ ನಿರ್ದೇಶಕರಾಗಿದ್ದ ಜ್ಞಾನಚಂದ್ರ ಘೋಷರು, ಕಲ್ಲಿದ್ದಲಿನ ಅನಿಲದಿಂದ ತೈಲವನ್ನು ಪಡೆಯುವ ಫಿಶರ್-ಟ್ರಾಪ್ಶ್ ಪದ್ಧತಿಯ ಲೋಹ ವೇಗವರ್ಧಕಗಳನ್ನು ಕುರಿತು ಶಿಷ್ಯರೊಡನೆ ಸಂಶೋಧನೆ ನಡೆಸಿದರು. ಬೆಂಗಳೂರಿನಲ್ಲಿ ೧೯೨೭ರಲ್ಲಿ ಜನಿಸಿದ ಎಲ್. ಕೆ. ದೊರೈಸ್ವಾಮಿಯವರು ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ನಿರ್ದೇಶಕರಾಗಿ ವೇಗವರ್ಧಕ ಶಾಸ್ತ್ರವನ್ನು ಉದ್ಯಮದ ಬಾಗಿಲಿಗೆ ತಂದರು. ಮಾಟುಂಗಾದ ರಸಾಯನ ತಂತ್ರಜ್ಞಾನ ವಿಭಾಗದ ಎಂ. ಎಂ. ಶರ್ಮರೊಡನೆ ಅವರು ೧೯೮೪ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥ, ಘನ, ದ್ರವ, ಅನಿಲಗಳು ಪರಸ್ಪರ ಸಂಧಿಸುವ ಕ್ರಿಯೆಗಳ ವಿಷಯದಲ್ಲಿ ಜಗತ್ತಿನಲ್ಲೆಲ್ಲ ಮನ್ನಣೆ ಪಡೆಯಿತು. ೧೯೩೩ರಲ್ಲಿ ಹುಟ್ಟಿದ ಮಾಟುಂಗಾದ ಆ ವಿಭಾಗ ೨೦೦೮ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯದ ಸ್ಥಾನವನ್ನು ಪಡೆದಿದೆ.

ಟ್ರಾಂಬೆಯ ಪರಮಾಣು ಕೇಂದ್ರದಲ್ಲಿಯೂ ಇದೇ ಸಮಸ್ಯೆ ಬೇರೆ ರೂಪದಲ್ಲಿ ಎದುರಾಯಿತು. ಭಾರಜಲ ವಿಕಿರಣದಿಂದ ಒಡೆದು ಡ್ಯೂಟೀರಿಯಂ ಮತ್ತು ಆಮ್ಲಜನಕಗಳಾಗಿ ಮೇಲಿನ ಹೀಲಿಯಂ ಅನಿಲದಲ್ಲಿ ಸೇರುತ್ತದೆ. ಅವು ಅಪಾಯದ ಮಟ್ಟಕ್ಕೆ ಏರದಂತೆ ವೇಗವರ್ಧಕದ ಮೇಲೆ ಮತ್ತೆ ಕೂಡಿಸಿ ನೀರಾಗಿಸಬೇಕು. ಡೋಬರೈನರನ ಪ್ರಯೋಗವೇ ಇಲ್ಲಿ ರಕ್ಷಾಕವಚವಾಯಿತು. ೧೯೬೦ರ ಸೈರಸ್, ೧೯೮೫ರ ಧ್ರುವ ಎರಡೂ ಭಾರಜಲವನ್ನು ಬಳಸಿದ ಸ್ಥಾವರಗಳು. ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣನವರು ೧೯೭೨ರಿಂದ ೧೯೭೮ರವರೆಗೂ, ಮತ್ತೆ ೧೯೮೧ರಿಂದ ೧೯೮೩ರವರೆಗೂ ಈ ಕೇಂದ್ರದ ನಿರ್ದೇಶಕರಾಗಿದ್ದರೆಂಬುದು ಮುಂಬಯಿ ಕನ್ನಡಿಗರಿಗೆ ಗೊತ್ತಿರುವ ವಿಷಯವೇ. ಪ್ಲಾಟಿನಂ-ಪಲ್ಲಾಡಿಯಂ ಲೇಪಿಸಿದ, ಜಲಜನಕವನ್ನು ವಿದ್ಯುತ್ತಿನ ಹಂಗಿಲ್ಲದೆ ಆಮ್ಲಜನಕದೊಡನೆ ಕೂಡಿಸುವ ಸಾಧನಗಳು ಈ ಕೇಂದ್ರದಲ್ಲಿ ರೂಪುಗೊಂಡಿವೆ. ಠಾಣೆ–ಬೇಲಾಪುರ ಪಟ್ಟಿಯ ತುರ್ಭೆಯಲ್ಲಿ ಹಿಂದುಸ್ತಾನ್ ಪ್ಲಾಟಿನಂ ಸಂಸ್ಥೆ ಬೆಲೆಬಾಳುವ ಲೋಹಗಳ ವೇಗವರ್ಧಕಗಳನ್ನು ತಯಾರಿಸುವುದಲ್ಲದೆ, ಮುದಿಯಾದ ಉಂಡೆಗಳಿಂದ ಲೋಹವನ್ನು ಮರಳಿ ತೆಗೆಯುವ ಕೆಲಸವನ್ನೂ ಮಾಡುತ್ತದೆ. ಅಕ್ಕಸಾಲಿಗನ ಕುಲುಮೆಯ ಬೂದಿಯಿಂದ ಚಿನ್ನವನ್ನು ಆರಿಸುವ ನಮ್ಮ ಹಳೆಯ ವಿದ್ಯೆಯ ಹೊಸ ರೂಪವಿದು.

೭

ಟ್ರಾಂಬೆಯ ಮತ್ತು ಠಾಣೆಯ ಆ ನ್ಯಾಫ್ತಾ ಘಟಕಗಳು ಇಂದು ನಡೆಯುತ್ತಿಲ್ಲ. ೧೯೭೪ರ ಫೆಬ್ರವರಿಯಲ್ಲಿ ಬಾಂಬೆ ಹೈ ಪ್ರದೇಶದಲ್ಲಿ ತೈಲ ದೊರೆತ ಮೇಲೆ ಸಮುದ್ರಗರ್ಭದ ಅನಿಲ ದಡಕ್ಕೆ ಬಂದಿತು. ೧೯೯೫ರಲ್ಲಿ ಸ್ಥಾಪಿತವಾದ ಮಹಾನಗರ್ ಗ್ಯಾಸ್ ಸಂಸ್ಥೆ ಮನೆಮನೆಗೆ ಕೊಳವೆಯನ್ನು ತಂದಿತು. ಮಣ್ಣಿನಡಿಯಿಂದ ಒತ್ತಡದೊಡನೆ ಬರುವ ಅನಿಲದಲ್ಲಿ ಸ್ವಭಾವತಃ ಆಮ್ಲಜನಕವಿರುವುದಿಲ್ಲ. ಹಳೆಯ ಶತ್ರು ದೂರವಾದನೆಂದು ನಗರ ಭಾವಿಸಬಹುದಾಗಿತ್ತು. ಆದರೆ ಅವನು ಬೇರೊಂದು ಬಾಗಿಲಿನಿಂದ ಒಳಬಂದನು.

ಆ ಬಾಗಿಲು ನಗರದ ಕಸ. ೧೯೨೭ರಿಂದ ಕಸ ಬೀಳುತ್ತಿರುವ ದೇವನಾರಿನ ರಾಶಿಗಳ ಒಳಗೆ ಗಾಳಿ ಸೋಕದ ಕತ್ತಲಲ್ಲಿ ಪದಾರ್ಥಗಳು ಕೊಳೆತು, ಸರಿಸುಮಾರು ಅರ್ಧ ಮೀಥೇನು, ಉಳಿದಂತೆ ಇಂಗಾಲದ ಡೈಆಕ್ಸೈಡು ಇರುವ ಅನಿಲ ಹುಟ್ಟುತ್ತದೆ. ಹಿಡಿಯುವವರಿಲ್ಲದೆ ಹೊರಬಿದ್ದ ಅನಿಲಕ್ಕೆ ಬೆಂಕಿ ತಗುಲಿದರೆ ಏನಾಗುವುದೆಂಬುದನ್ನು ೨೦೧೬ರ ಜನವರಿಯ ಕೊನೆಯಲ್ಲಿ ದೇವನಾರು ತೋರಿಸಿತು. ದಿನಗಟ್ಟಲೆ ಹೊಗೆ ನಗರವನ್ನು ಕವಿದಿತ್ತು. ರಾಶಿಯ ಮಗ್ಗುಲಲ್ಲಿಯೇ ವಾಸಿಸುವ ಬಡಜನರು ಎಲ್ಲರಿಗಿಂತ ಹೆಚ್ಚು ನರಳಿದರು. ಇದಕ್ಕೆ ವಿರುದ್ಧವಾದ ಉದಾಹರಣೆ ಬೋರಿವಲಿಯ ಬಳಿಯ ಗೋರಾಯಿ. ಅಲ್ಲಿ ೨೦೦೭ರಲ್ಲಿ ಕಸ ಸುರಿಯುವುದನ್ನು ನಿಲ್ಲಿಸಿ, ೨೦೦೯ರ ವೇಳೆಗೆ ರಾಶಿಯನ್ನು ಶಾಸ್ತ್ರೀಯವಾಗಿ ಮುಚ್ಚಿ, ಅನಿಲವನ್ನು ಕೊಳವೆಗಳಿಂದ ಸೆಳೆಯುವ ವ್ಯವಸ್ಥೆಯನ್ನು ಮಾಡಲಾಯಿತು.

ಸೆಳೆಯುವುದೇ ಇಲ್ಲಿಯ ಸೂಕ್ಷ್ಮ. ರಾಶಿಯಿಂದ ಅನಿಲವನ್ನು ಬಲವಾಗಿ ಎಳೆದರೆ ಬಿರುಕುಗಳ ಮೂಲಕ ಹೊರಗಿನ ಗಾಳಿಯೂ ಒಳಸೇರುತ್ತದೆ. ಮೆಲ್ಲಗೆ ಎಳೆದರೆ ಅನಿಲ ಆಕಾಶದ ಪಾಲಾಗುತ್ತದೆ. ಇಂಥ ಅನಿಲವನ್ನು ಶುದ್ಧಮಾಡಿ ವಾಹನಗಳಿಗೋ ಕೊಳವೆಗಳಿಗೋ ಕೊಡಬೇಕಾದರೆ ಆಮ್ಲಜನಕ ಮಿತಿಯೊಳಗಿರಬೇಕು. ಜೈವಿಕ ಅನಿಲಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. ೧೬೦೮೭ ಅದನ್ನು ಶೇಕಡಾ ಅರ್ಧಕ್ಕೆ ಸೀಮಿತಗೊಳಿಸಿದೆ. ಆ ಮಿತಿಗೆ ಇಳಿಸುವ ಒಂದು ದಾರಿ ಪ್ಲಾಟಿನಂ, ಪಲ್ಲಾಡಿಯಂ ಲೋಹಗಳ ಮೇಲೆ ಅದೇ ಮೀಥೇನಿನ ಅಲ್ಪಭಾಗವನ್ನು ಆಮ್ಲಜನಕದೊಡನೆ ಸುಡುವುದು. ಇದಕ್ಕೆ ಸುಮಾರು ಮುನ್ನೂರು ಡಿಗ್ರಿಯಾಚೆಯ ಉಷ್ಣತೆ ಬೇಕು, ಏಕೆಂದರೆ ಹೆನ್ರಿ ಕಂಡಂತೆ ಮೀಥೇನು ಹಟಮಾರಿ. ಗಂಧಕ ಲೋಹವನ್ನು ವಿಷಗೊಳಿಸುತ್ತದೆ, ಏಕೆಂದರೆ ಲ್ಯಾಂಗ್ಮ್ಯೂರ್ ಹೇಳಿದಂತೆ ಆಸನಗಳು ಪರಿಮಿತ. ಕ್ರಿಯೆಯಲ್ಲಿ ಹುಟ್ಟಿದ ನೀರಿನ ಆವಿ ಕೂಡ ಪಲ್ಲಾಡಿಯಮಿನ ಕೆಲಸವನ್ನು ನಿಧಾನಗೊಳಿಸುತ್ತದೆ. ಕಡಿಮೆ ಶಾಖದಲ್ಲಿ ಕೆಲಸ ಮಾಡುವ, ಗಂಧಕವನ್ನೂ ತೇವವನ್ನೂ ಸಹಿಸುವ, ಬೆಲೆಯಲ್ಲಿ ನಗರಸಭೆಗಳಿಗೆ ಎಟಕುವ ವೇಗವರ್ಧಕವನ್ನು ರೂಪಿಸುವುದು ಈಗಿನ ಸಂಶೋಧಕರ ಮುಂದಿರುವ ಕಾರ್ಯ.

ಮಝಗಾಂವಿನ ಬಂಗಲೆಯಿಂದ ಗೋರಾಯಿಯ ಮುಚ್ಚಿದ ರಾಶಿಯವರೆಗಿನ ಈ ಚರಿತ್ರೆಯನ್ನು ಸಮಗ್ರವಾಗಿ ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ನಗರ ಪ್ರತಿಯೊಂದು ಯುಗದಲ್ಲಿಯೂ ಅನಿಲವನ್ನು ಬೇಗನೆ ಸ್ವೀಕರಿಸಿತು. ಅದನ್ನು ಶೋಧಿಸುವ ವಿದ್ಯೆಯನ್ನು ತನ್ನದಾಗಿಸಿಕೊಳ್ಳಲು ಮಾತ್ರ ಪ್ರತಿಸಲವೂ ತಡಮಾಡಿತು. ಸ್ಥಾವರಗಳು ಹಳತಾಗುತ್ತವೆ, ಒಡೆತನ ಕೈ ಬದಲಾಗುತ್ತದೆ, ಭೂಮಿ ಬೇರೆ ಉಪಯೋಗಕ್ಕೆ ಹೋಗುತ್ತದೆ. ವಿದ್ಯೆ ಉಳಿದಿದ್ದರೆ ಹೊಸ ಅನಿಲ ಬಂದಾಗ ಹೊಸ ಲೋಹವನ್ನು ಹೂಡಬಹುದು. ಮಾಟುಂಗಾ, ಟ್ರಾಂಬೆ, ತುರ್ಭೆಗಳಲ್ಲಿ ಆ ವಿದ್ಯೆಯ ಬೀಜ ಈಗ ಇದೆ. ದೇವನಾರಿನ ರಾಶಿಯೂ ಅವುಗಳಿಗೆ ಬಹು ದೂರವಿಲ್ಲ.